ಗಣಕ ಪ್ರಶ್ನೋತ್ತರ: ರಸ್ಟ್ ಭಾಷೆಯನ್ನು ಕೈಯಾರೆ ಬರೆದು ಕಲಿಯುವುದು

ರಸ್ಟ್ ಪ್ರೋಗ್ರಾಮಿಂಗ್ ಭಾಷೆಯ ಕಲಿಕೆಯ ಬಗ್ಗೆ ಮಲೆನಾಡಿನ ಬೇರೆ ಬೇರೆ ಊರುಗಳಿಂದ ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇನೆ. ಪತ್ರಗಳು ಉದ್ದವಾಗಿದ್ದುದರಿಂದ ಸಾರವನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನಾನು ಪದವಿಪೂರ್ವ ತರಗತಿಗಳಿಗೆ ಗಣಕ ವಿಜ್ಞಾನ ಕಲಿಸುತ್ತೇನೆ. ಸಿ ಭಾಷೆ ಇಷ್ಟು ದಶಕಗಳಿಂದ ಕೆಲಸ ಮಾಡುತ್ತಿರುವಾಗ ಅದೇ ಕೆಲಸಕ್ಕೆ ಇನ್ನೊಂದು ಭಾಷೆ ಏಕೆ ಬೇಕು? ಮೆಮೊರಿ ಸುರಕ್ಷತೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಹೇಗೆ?
— ಉಪನ್ಯಾಸಕಿ, ಸಾಗರ

ಉತ್ತರ: ಸಿ ಭಾಷೆಯ ಪ್ರೋಗ್ರಾಂ ತನಗೆ ಸೇರದ ಮೆಮೊರಿಯನ್ನು ಓದಬಲ್ಲದು, ಅದರ ಮೇಲೆ ಬರೆಯಬಲ್ಲದು, ಈಗಾಗಲೇ ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಬಳಸಬಲ್ಲದು, ಇವುಗಳಲ್ಲಿ ಯಾವುದನ್ನೂ ತಡೆಯುವ ಹೊಣೆಯನ್ನು ಭಾಷೆ ಹೊತ್ತಿಲ್ಲ. ಇಂಥವು ನಡೆಯಲು ಸಾಧ್ಯವೇ ಇಲ್ಲದಂತೆ ಭಾಷೆಯೇ ನೋಡಿಕೊಂಡರೆ ಅದನ್ನು ಮೆಮೊರಿ ಸುರಕ್ಷತೆ ಎನ್ನುತ್ತೇವೆ. ಜಾವಾ ಮತ್ತು ಪೈಥಾನ್ ಈ ಕೆಲಸಕ್ಕೆ ಪ್ರೋಗ್ರಾಂ ಓಡುವಾಗ ಮೆಮೊರಿಯ ಮೇಲೆ ಕಣ್ಣಿಡುವ ವ್ಯವಸ್ಥೆಯೊಂದನ್ನು ಜೊತೆಗಿಟ್ಟುಕೊಳ್ಳುತ್ತವೆ. ರಸ್ಟ್ ಅದೇ ಪರಿಶೀಲನೆಯ ದೊಡ್ಡ ಭಾಗವನ್ನು ಕಂಪೈಲ್ ಹಂತದಲ್ಲೇ, ಅಂದರೆ ಬರೆದದ್ದನ್ನು ಯಂತ್ರಭಾಷೆಗೆ ಇಳಿಸುವಾಗಲೇ, ಮುಗಿಸುವುದರಿಂದ ಆಪರೇಟಿಂಗ್ ಸಿಸ್ಟಂ, ಡ್ರೈವರ್, ಮೈಕ್ರೋಕಂಟ್ರೋಲರ್ ಮುಂತಾದ ಕಡೆಗೂ ಒಗ್ಗುತ್ತದೆ.

ಏಕೆ ಬೇಕು ಎಂಬುದಕ್ಕೆ 2014ರಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ದೋಷ ಸಾಕು. ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವು, ಸಂದೇಶದ ಉದ್ದ ಇಷ್ಟೆಂದು ಎದುರಿನವರು ಹೇಳಿಕೊಂಡ ಸಂಖ್ಯೆಯನ್ನು ಪರೀಕ್ಷಿಸದೆ ನಂಬಿದ್ದರಿಂದ, ಒಂದೊಂದು ಕೋರಿಕೆಗೂ ಸರ್ವರ್‌ನ ಮೆಮೊರಿಯ 64 ಕಿಲೋಬೈಟ್‌ವರೆಗಿನ ತುಣುಕು ಹೊರಗೆ ಸೋರುತ್ತಿತ್ತು. ಮೈಕ್ರೋಸಾಫ್ಟ್ 2019ರಲ್ಲಿಯೂ ಕ್ರೋಮ್ ಬ್ರೌಸರಿನ ತಂಡ 2020ರಲ್ಲಿಯೂ ತಮ್ಮ ಭದ್ರತಾ ದೋಷಗಳ ಲೆಕ್ಕ ತೆಗೆದಾಗ ಸುಮಾರು ಶೇ. 70ರಷ್ಟು ಮೆಮೊರಿಗೆ ಸಂಬಂಧಿಸಿದವೇ ಎಂದು ಕಂಡುಬಂತು. ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿ, ಮುಂದೆ ಮೊಜಿಲ್ಲಾದ ಆಶ್ರಯದಲ್ಲಿ ಬೆಳೆದು, 2015ರ ಮೇ 15ರಂದು ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯನ್ನು 2022ರ ಡಿಸೆಂಬರಿನಲ್ಲಿ ಬಂದ 6.1 ಆವೃತ್ತಿಯಿಂದ ಲಿನಕ್ಸ್ ಕರ್ನಲ್ ಕೂಡ ಒಳಗೆ ಬಿಟ್ಟುಕೊಂಡಿದೆ.

ತರಗತಿಯಲ್ಲಿ ತೋರಿಸಲು ಹತ್ತು ಅಂಕಗಳ ಒಂದು ಅರೇ ಮಾಡಿಸಿ, ಹನ್ನೆರಡನೆಯ ಸ್ಥಾನವನ್ನು ಓದಿಸಿ. ಸಿ ಏನೋ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗಬಹುದು. ರಸ್ಟ್‌ನಲ್ಲಿ ಸ್ಥಾನಸಂಖ್ಯೆಯನ್ನು ನೇರವಾಗಿ ಬರೆದಿದ್ದರೆ ಕಂಪೈಲರೇ ತಡೆಯುತ್ತದೆ. ಬಳಕೆದಾರರಿಂದ ಕೇಳಿ ಪಡೆದ ಸಂಖ್ಯೆಯಾಗಿದ್ದರೆ ಓಡುವಾಗ ಪ್ಯಾನಿಕ್ ಆಗಿ, ಅಂದರೆ ದೋಷಸಂದೇಶ ಕೊಟ್ಟು, ನಿಲ್ಲುತ್ತದೆ. ಈ ಎರಡು ಬಗೆಯ ತಡೆಗಳನ್ನು ಬೇರೆ ಬೇರೆಯಾಗಿಯೇ ತೋರಿಸಿ. ಜೊತೆಗೆ, ತಪ್ಪು ಸೂತ್ರ ಬರೆದರೆ ರಸ್ಟ್ ಕೂಡ ತಪ್ಪು ಉತ್ತರವನ್ನೇ ಕೊಡುತ್ತದೆ ಎಂದೂ, ಮೆಮೊರಿ ಹಿಂದಿರುಗಿಸದೆ ಉಳಿಯುವ ಸೋರಿಕೆಯನ್ನು ಅದು ಪೂರ್ತಿ ತಡೆಯುವುದಿಲ್ಲ ಎಂದೂ ಹೇಳಿಬಿಡಿ. ಇಲ್ಲವಾದರೆ ಮಕ್ಕಳು ಅದನ್ನು ಮಂತ್ರದಂಡವೆಂದು ತಿಳಿಯುತ್ತಾರೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದೇನೆ. ರಸ್ಟ್ ಪಾಠದ ಸರಣಿಯೊಂದನ್ನು ವಿಡಿಯೋದಲ್ಲಿ ಪೂರ್ತಿ ನೋಡಿದೆ, ಎಲ್ಲವೂ ಅರ್ಥವಾಯಿತು. ಆದರೆ ಸ್ವಂತವಾಗಿ ಬರೆಯಲು ಕೂತರೆ ಹತ್ತು ಸಾಲಿಗೆ ಐದು ದೋಷ ಬರುತ್ತದೆ. ಎಲ್ಲ ಕಡೆ ಕ್ಲೋನ್ (ನಕಲು) ಹಾಕಿ ಹೇಗೋ ಓಡಿಸುತ್ತಿದ್ದೇನೆ. ಸರಿಯಾಗಿ ಕಲಿಯುವುದು ಹೇಗೆ ಸರ್?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ವಿಡಿಯೋದಲ್ಲಿ ಪ್ರೋಗ್ರಾಂ ಹೆಚ್ಚುಕಡಿಮೆ ಪ್ರತಿ ಸಲವೂ ಕಂಪೈಲ್ ಆಗುತ್ತದೆ, ಏಕೆಂದರೆ ಕಲಿಸುವವರು ಅಡ್ಡದಾರಿಗಳನ್ನೆಲ್ಲ ಮೊದಲೇ ಕತ್ತರಿಸಿರುತ್ತಾರೆ. ರಸ್ಟ್‌ನಲ್ಲಿ ಕಲಿಯಬೇಕಾದದ್ದರ ಬಹುಪಾಲು ಇರುವುದು ಆ ಕತ್ತರಿಸಿ ಹೋದ ಭಾಗದಲ್ಲಿ. ಆದ್ದರಿಂದ ಇನ್ನೊಂದು ಸರಣಿ ನೋಡುವ ಬದಲು ನಿಮಗೆ ಅರ್ಥ ಗೊತ್ತಿರುವ ಮಾಹಿತಿಯೊಂದನ್ನು ಹಿಡಿದು ಸಣ್ಣ ಪ್ರೋಗ್ರಾಂ ಬರೆಯಿರಿ. ನಮ್ಮ ಕಡೆ ಅನೇಕ ತೋಟದ ಮನೆಗಳಲ್ಲಿ ದಿನದ ಮಳೆಯನ್ನು ಮಿಲಿಮೀಟರಿನಲ್ಲಿ ಬರೆದಿಡುವ ರೂಢಿಯಿದೆ; ಅಂಥ ಒಂದು ಪುಸ್ತಕದ ಜೂನ್ ತಿಂಗಳನ್ನು ಫೈಲಿಗೆ ಇಳಿಸಿಕೊಂಡರೆ ಸಾಕು.

ಮಳೆಯ ಸಂಖ್ಯೆಗಳನ್ನು ಒಂದು ವೆಕ್ಟರಿನಲ್ಲಿ, ಅಂದರೆ ಬೆಳೆಯಬಲ್ಲ ಪಟ್ಟಿಯಲ್ಲಿ, ಇಟ್ಟು, ಮೊತ್ತ ಹೇಳುವ ಫಂಕ್ಷನ್‌ಗೆ ಅದನ್ನು ಹಾಗೆಯೇ ಕೊಡಿ. ಆಮೇಲೆ ಅದೇ ವೆಕ್ಟರನ್ನು ಮುದ್ರಿಸಲು ಹೋಗಿ. ಇ0382 ಎಂಬ ದೋಷ ಬರುತ್ತದೆ. ತೋಟದ ಖಾತೆ ಇನ್ನೊಬ್ಬರ ಹೆಸರಿಗೆ ಬದಲಾದ ಮೇಲೆ ಹಳೆಯ ಮಾಲೀಕರು ಅದನ್ನು ಮತ್ತೆ ಮಾರಲು ಬರುವುದಿಲ್ಲ. ಇಲ್ಲಿ ಆಗಿರುವುದೂ ಅದೇ, ವೆಕ್ಟರಿನ ಒಡೆತನ ಫಂಕ್ಷನ್‌ಗೆ ಹೋಗಿಯಾಗಿದೆ. ಈಗ ಇದನ್ನು ಮೂರು ರೀತಿಯಲ್ಲಿ ಸರಿಪಡಿಸಿ: ಒಮ್ಮೆ ಕ್ಲೋನ್ ಮಾಡಿ, ಒಮ್ಮೆ ಫಂಕ್ಷನ್ ವೆಕ್ಟರನ್ನು ಮರಳಿ ಕೊಡುವಂತೆ ಮಾಡಿ, ಒಮ್ಮೆ ಎರವಲಾಗಿ (ಒಡೆತನ ಬಿಡದೆ, ಬಳಸಲು ಮಾತ್ರ) ಕೊಟ್ಟು. ಮೂರೂ ಓಡುತ್ತವೆ. ಮೊತ್ತ ಹೇಳುವುದಕ್ಕೆ ಓದಿದರೆ ಸಾಕಾದ್ದರಿಂದ ಎರವಲೇ ಸರಿ ಎಂದು ನಿಮಗೆ ನೀವೇ ಹೇಳಿಕೊಳ್ಳುವ ಹೊತ್ತಿಗೆ ಒಡೆತನದ ನಿಯಮ ಕೈಗೆ ಬಂದಿರುತ್ತದೆ.

ಎರಡನೆಯದು ಇನ್ನೂ ಮುಖ್ಯ. ವೆಕ್ಟರಿನ ಮೊದಲ ಅಂಶಕ್ಕೆ ಒಂದು ರೆಫರೆನ್ಸ್ (ಎರವಲಾಗಿ ಪಡೆದ ವಿಳಾಸ) ಇಟ್ಟುಕೊಳ್ಳಿ, ಬಳಿಕ ಪುಶ್ ಮಾಡಿ ಹೊಸ ದಿನವೊಂದನ್ನು ಸೇರಿಸಿ, ಕೊನೆಗೆ ಆ ರೆಫರೆನ್ಸ್ ಮುದ್ರಿಸಿ. ಇ0502 ಬರುತ್ತದೆ. ಓದುವ ಎರವಲು ಬಾಕಿಯಿರುವಾಗ ತಿದ್ದುವ ಎರವಲು ಕೊಡುವುದಿಲ್ಲ ಎಂಬುದು ನಿಯಮ. ನಿಯಮವನ್ನು ಬಾಯಿಪಾಠ ಮಾಡಬೇಡಿ, ಇದನ್ನೇ ಸಿ ಭಾಷೆಯಲ್ಲಿ ಮೆಮೊರಿ ಪಡೆಯುವ ಮ್ಯಾಲಾಕ್ ಮತ್ತು ಅದನ್ನು ಹಿಗ್ಗಿಸುವ ರೀಅಲಾಕ್ ಬಳಸಿ ಬರೆಯಿರಿ. ಅಲ್ಲಿ ಕಂಪೈಲ್ ಆಗುತ್ತದೆ, ಅನೇಕ ಸಲ ಸರಿಯಾದ ಉತ್ತರವನ್ನೂ ಕೊಡುತ್ತದೆ. ಈಗ ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಆಯ್ಕೆ ಸೇರಿಸಿ ಮತ್ತೆ ಕಂಪೈಲ್ ಮಾಡಿ ಓಡಿಸಿದರೆ, ಬಿಟ್ಟುಕೊಟ್ಟ ಮೆಮೊರಿಯನ್ನು ಓದಿದ್ದೀರಿ ಎಂಬ ವರದಿ ಬರುತ್ತದೆ. ವೆಕ್ಟರ್ ಬೆಳೆದು ಇದ್ದ ಜಾಗ ಸಾಲದಾದಾಗ ಅದರ ಅಂಶಗಳು ಬೇರೆ ಜಾಗಕ್ಕೆ ಹೋಗುತ್ತವೆ. ಹಳೆಯ ವಿಳಾಸದಲ್ಲಿ ಏನಿದೆ ಎಂದು ಹೇಳಲು ಬರುವುದಿಲ್ಲ. ಈ ವರದಿಯನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ರಸ್ಟ್ ಕಂಪೈಲರಿನ ಮೇಲಿನ ಸಿಟ್ಟು ಬಹಳಷ್ಟು ಇಳಿಯುತ್ತದೆ.

ಪ್ರತಿ ಪ್ರಯೋಗದಲ್ಲೂ ಕಾರ್ಗೋ ಚೆಕ್ ಆದೇಶ (ಕಾರ್ಗೋ ಎಂದರೆ ರಸ್ಟ್ ಪ್ರೋಗ್ರಾಂ ಕಟ್ಟುವ ಸಾಧನ) ಕೊಡುವ ಮೊದಲು, ಇದು ಕಂಪೈಲ್ ಆಗುತ್ತದೆಯೇ, ಆಗದಿದ್ದರೆ ಯಾವ ಸಾಲಿನಲ್ಲಿ ಏಕೆ, ಎಂದು ಕಾಗದದ ಮೇಲೆ ಬರೆದಿಡಿ. ನಿಮ್ಮ ಊಹೆ ಮತ್ತು ಕಂಪೈಲರಿನ ಮಾತು ಬೇರೆಯಾದ ಕಡೆ ನಿಲ್ಲಿ. ರಸ್ಟ್‌ಸಿ ಆದೇಶಕ್ಕೆ ಎಕ್ಸ್‌ಪ್ಲೇನ್ ಆಯ್ಕೆಯೊಂದಿಗೆ ದೋಷಸಂಖ್ಯೆ ಕೊಟ್ಟರೆ ಉದಾಹರಣೆಸಹಿತ ವಿವರಣೆ ತೆರೆಯುತ್ತದೆ. ಇದನ್ನು ಬಳಸುವ ವಿದ್ಯಾರ್ಥಿಗಳನ್ನು ನಾನು ಕಂಡದ್ದು ಬಹಳ ಕಡಿಮೆ. ಕಂಪೈಲರ್ ಕೆಲವೊಮ್ಮೆ ತಾನೇ ಕ್ಲೋನ್ ಹಾಕಿ ನೋಡಿ ಎಂದು ಸೂಚಿಸುತ್ತದೆ, ಎಐ ಸಹಾಯಕಗಳಂತೂ ಕೇಳಿದ ಕೂಡಲೇ ಹಾಕಿಕೊಡುತ್ತವೆ. ಕ್ಲೋನ್ ಪಾಪವೇನಲ್ಲ. ಮೂವತ್ತು ದಿನಗಳ ಮಳೆಯ ಪಟ್ಟಿಯನ್ನು ನಕಲು ಮಾಡಿದರೆ ಯಾರಿಗೂ ನಷ್ಟವಿಲ್ಲ. ಆದರೆ ಹಾಕಿದ ಕಡೆಯಲ್ಲೆಲ್ಲ ಏಕೆ ಹಾಕಿದೆ ಎಂದು ಒಂದು ಸಾಲಿನ ಟಿಪ್ಪಣಿ ಬರೆಯಿರಿ, ಬರೆಯಲು ಕಾರಣ ಸಿಗದ ಕಡೆ ತೆಗೆದು ನೋಡಿ.

ಮುಂದುವರಿದಂತೆ ಇನ್ನೆರಡು ಕಡೆ ಎಡವುತ್ತೀರಿ. ದಶಮಾಂಶ ಸಂಖ್ಯೆಗಳಲ್ಲಿ ಅತಿ ಹೆಚ್ಚು ಮಳೆಯ ದಿನವನ್ನು ಮ್ಯಾಕ್ಸ್ ಎಂದು ಕೇಳಿದರೆ ರಸ್ಟ್ ಒಪ್ಪುವುದಿಲ್ಲ, ಏಕೆಂದರೆ ಸಂಖ್ಯೆಯೇ ಅಲ್ಲದ ಒಂದು ಮೌಲ್ಯವೂ ಆ ಬಗೆಯಲ್ಲಿದ್ದು ಅದನ್ನು ಯಾವುದರೊಂದಿಗೂ ಹೋಲಿಸಲಾಗದು. ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನು ಮಾನವಾಗಿಟ್ಟು ಪೂರ್ಣಾಂಕ ಬಳಸಿದರೆ ತೊಡಕೇ ಇರುವುದಿಲ್ಲ. ಮಳೆ ಬಾರದ ದಿನ ಮತ್ತು ಅಳೆಯಲು ಮರೆತ ದಿನ, ಇವೆರಡನ್ನೂ ಸೊನ್ನೆ ಎಂದು ಬರೆದರೆ ಸರಾಸರಿ ಕೆಡುತ್ತದೆ. ಮೌಲ್ಯ ಇದೆ ಅಥವಾ ಇಲ್ಲ ಎಂದು ಹೇಳುವ ಆಪ್ಷನ್ ಬಗೆ ಇರುವುದು ಇದಕ್ಕೇ: ಅಳೆಯದ ದಿನ ನನ್ (None, ಮೌಲ್ಯವಿಲ್ಲ) ಆಗುತ್ತದೆ, ಅದನ್ನು ಏನು ಮಾಡಬೇಕೆಂದು ನೀವು ತೀರ್ಮಾನಿಸುವವರೆಗೆ ಮೊತ್ತದ ಸಾಲು ಕಂಪೈಲ್ ಆಗುವುದಿಲ್ಲ.

ಎರಡನೆಯ ವರ್ಷದವರೆಂದರೆ ಡೇಟಾ ಸ್ಟ್ರಕ್ಚರ್ ಲ್ಯಾಬ್ ನಡೆಯುತ್ತಿರಬಹುದು. ಲಿಂಕ್ಡ್ ಲಿಸ್ಟ್‌ನಿಂದ ರಸ್ಟ್ ಆರಂಭಿಸುವ ಆಸೆಯನ್ನು ದಯವಿಟ್ಟು ಬಿಡಿ. ಹಿಂದಕ್ಕೂ ಮುಂದಕ್ಕೂ ಕೊಂಡಿಯಿರುವ ಪಟ್ಟಿಯಲ್ಲಿ ಒಂದೊಂದು ಅಂಶಕ್ಕೂ ಎರಡು ಕಡೆಯಿಂದ ಹಕ್ಕುದಾರರಿರುವುದರಿಂದ, ಸಿ ಭಾಷೆಯ ಮೊದಲ ತಿಂಗಳ ಅಭ್ಯಾಸ ರಸ್ಟ್‌ನಲ್ಲಿ ಅತ್ಯಂತ ಕಠಿಣವಾದವುಗಳಲ್ಲಿ ಒಂದಾಗುತ್ತದೆ. ಹಾಗೆಯೇ ಸ್ಟ್ರಕ್ಟ್ ಒಳಗೆ ರೆಫರೆನ್ಸ್ ಇಡುವುದನ್ನು ಮುಂದೂಡಿ, ಸದ್ಯಕ್ಕೆ ಸ್ವಂತದ ಸ್ಟ್ರಿಂಗನ್ನೇ ಇಡಿ. ಎರವಲು ಎಲ್ಲಿಯವರೆಗೆ ನಡೆಯುತ್ತದೆ ಎಂದು ಹೇಳುವ ಲೈಫ್‌ಟೈಂ ಗುರುತುಗಳ ಅರ್ಧ ತಲೆನೋವು ಅಲ್ಲಿಗೆ ಕಳೆಯುತ್ತದೆ. ಕೆಟ್ಟ ಪ್ರೋಗ್ರಾಂಗಳನ್ನು ಸರಿಪಡಿಸುತ್ತ ಹೋಗುವ ರಸ್ಟ್‌ಲಿಂಗ್ಸ್ ಎಂಬ ಉಚಿತ ಅಭ್ಯಾಸಮಾಲೆ ಚೆನ್ನಾಗಿದೆ, ಮಾಡಿ. ಆದರೆ ಅದರಲ್ಲಿ ಪ್ರೋಗ್ರಾಂನ ಆಕಾರವನ್ನು ಬೇರೆಯವರು ನಿರ್ಧರಿಸಿರುತ್ತಾರೆ. ಯಾರ ಬಳಿ ಏನಿರಬೇಕು ಎಂಬ ಯೋಚನೆ ಸ್ವಂತ ಪ್ರೋಗ್ರಾಂ ಬರೆದರೆ ಮಾತ್ರ ಬರುತ್ತದೆ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಮಳೆಗಾಲ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನನ್ನದು 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್. ಇದರಲ್ಲಿ ರಸ್ಟ್ ಕಲಿಯಲು ಆಗುತ್ತದೆಯೇ?
— ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಆಗುತ್ತದೆ, ಸ್ವಲ್ಪ ಮುಂಚಿತವಾಗಿ ಸಿದ್ಧತೆ ಬೇಕು. ಪೇಟೆಗೆ ಹೋದಾಗ ರಸ್ಟಪ್ (ರಸ್ಟ್ ಸ್ಥಾಪಿಸುವ ಸಾಧನ) ಮೂಲಕ ಸಾಮಾನ್ಯ ಆಯ್ಕೆಯಲ್ಲೇ ಸ್ಥಾಪಿಸಿಕೊಳ್ಳಿ. ಜಾಗ ಉಳಿಸಲೆಂದು ಮಿನಿಮಲ್ ಆಯ್ಕೆ ಮಾಡಬೇಡಿ. ಸಾಮಾನ್ಯ ಆಯ್ಕೆಯಲ್ಲಿ ಭಾಷೆಯ ಅಧಿಕೃತ ಕಲಿಕಾ ಪುಸ್ತಕವೂ ಸ್ಟ್ಯಾಂಡರ್ಡ್ ಲೈಬ್ರರಿಯ ವಿವರಗಳೂ ಲ್ಯಾಪ್‌ಟಾಪಿಗೇ ಇಳಿಯುತ್ತವೆ, ರಸ್ಟಪ್ ಡಾಕ್ ಎಂದು ಟೈಪ್ ಮಾಡಿದರೆ ನೆಟ್‌ವರ್ಕ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತವೆ. ಕಲಿಕೆಯ ಮೊದಲ ಕೆಲವು ತಿಂಗಳು ಇದಕ್ಕಿಂತ ಹೆಚ್ಚಿನದು ಬೇಕಾಗುವುದು ಅಪರೂಪ. ವಿಂಡೋಸ್ ಬಳಸುವವರಿಗೆ ಒಂದು ಎಚ್ಚರಿಕೆ: ಅಲ್ಲಿ ರೂಢಿಯ ವಿಧಾನಕ್ಕೆ ಮೈಕ್ರೋಸಾಫ್ಟ್‌ನ ಬಿಲ್ಡ್ ಟೂಲ್ಸ್ ಕೂಡ ಬೇಕು, ಅದು ಹಲವು ಜಿಬಿಗಳ ಡೌನ್‌ಲೋಡ್. ಹಳೆಯ ಯಂತ್ರದಲ್ಲಿ ಹಗುರವಾದ ಲಿನಕ್ಸ್ ಹಾಕಿಕೊಳ್ಳುವುದೇ ನನ್ನ ಸಲಹೆ.

ಹೊರಗಿನ ಕ್ರೇಟ್‌ಗಳು (ಬೇರೆಯವರು ಬರೆದಿಟ್ಟ ರಸ್ಟ್ ಪ್ಯಾಕೇಜ್‌ಗಳು) ಬೇಕಾದರೆ ನೆಟ್‌ವರ್ಕ್ ಇರುವಾಗ ಕಾರ್ಗೋ ಫೆಚ್ ಮಾಡಿಟ್ಟುಕೊಂಡು, ಮನೆಯಲ್ಲಿ ಆಫ್‌ಲೈನ್ ಆಯ್ಕೆಯೊಂದಿಗೆ ಬಿಲ್ಡ್ ಮಾಡಬಹುದು. ದಿನದ ಅಭ್ಯಾಸಕ್ಕೆ ಕಾರ್ಗೋ ಬಿಲ್ಡ್ ಬದಲು ಕಾರ್ಗೋ ಚೆಕ್ ಬಳಸಿ. ಅದು ಯಂತ್ರಭಾಷೆಯನ್ನು ತಯಾರಿಸದೆ ತಪ್ಪುಗಳನ್ನಷ್ಟೇ ನೋಡುವುದರಿಂದ ಬೇಗ ಮುಗಿದು ಬ್ಯಾಟರಿಯೂ ಉಳಿಯುತ್ತದೆ. ದೊಡ್ಡ ಕ್ರೇಟ್ ಕಂಪೈಲ್ ಮಾಡುವಾಗ ರ‍್ಯಾಮ್ ಸಾಲದೆ ಯಂತ್ರ ನಿಂತರೆ ಏಕಕಾಲದ ಕೆಲಸಗಳ ಸಂಖ್ಯೆಯನ್ನು 1ಕ್ಕೆ ಇಳಿಸಿ. ಕಂಪೈಲ್ ಆದದ್ದು ಸೇರುವ ಟಾರ್ಗೆಟ್ ಫೋಲ್ಡರ್ ಬೆಳೆಯುತ್ತಲೇ ಹೋಗುತ್ತದೆ, ಆಗಾಗ ಕಾರ್ಗೋ ಕ್ಲೀನ್ ಮಾಡಿ. ಸಂಪಾದಕದಲ್ಲಿ ಬರೆಯುವಾಗಲೇ ಕೆಂಪು ಗೆರೆ ಎಳೆಯುವ ರಸ್ಟ್ ಅನಲೈಸರ್ ರ‍್ಯಾಮ್ ಬಹಳ ತಿನ್ನುತ್ತದೆ, ಅದನ್ನು ನಿಲ್ಲಿಸಿಬಿಡಿ. ಕಲಿಯುವವರಿಗೆ ಇದು ನಷ್ಟವಲ್ಲ: ಕೆಂಪು ಗೆರೆ ಕಂಡೊಡನೆ ಏನನ್ನೋ ಅಳಿಸಿ ಬರೆಯುವುದಕ್ಕಿಂತ, ಟರ್ಮಿನಲ್ಲಿನಲ್ಲಿ ಪೂರ್ತಿ ದೋಷಸಂದೇಶವನ್ನು ಮೊದಲ ಸಾಲಿನಿಂದ ಓದುವುದು ಹೆಚ್ಚು ಕಲಿಸುತ್ತದೆ.

ಪ್ರಶ್ನೆ: ಅಡಿಕೆ ಮಾರಾಟದ ಲೆಕ್ಕಕ್ಕೆ ರಸ್ಟ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಊರಿನ ಹೆಸರಿನ ಮೊದಲ ಅಕ್ಷರ ತೆಗೆಯಲು ಹೋದರೆ ಪ್ರೋಗ್ರಾಂ ಪ್ಯಾನಿಕ್ ಆಗುತ್ತದೆ, ಇಂಗ್ಲಿಷ್ ಹೆಸರಿಗೆ ಆಗುವುದಿಲ್ಲ. ಕನ್ನಡಕ್ಕೆ ಬೆಂಬಲವಿಲ್ಲವೇ?
— ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೆಂಬಲವಿದೆ, ರಸ್ಟ್ ನಿಮ್ಮನ್ನು ತಡೆದದ್ದು ಸರಿಯಾದ ಕಾರಣಕ್ಕೇ. ರಸ್ಟ್ ಸ್ಟ್ರಿಂಗ್ ಎಂದರೆ ಯುಟಿಎಫ್-8 ಬೈಟುಗಳ ಸಾಲು, ಅದರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಶಿವಮೊಗ್ಗ ಎಂಬ ಹೆಸರನ್ನೇ ಕೊಟ್ಟು ನೋಡಿ. ಲೆನ್ ಎಂದು ಕೇಳಿದರೆ 24 ಬರುತ್ತದೆ, ಚಾರ್ಸ್ ಎಂದು ಬಿಡಿಸಿ ಎಣಿಸಿದರೆ 8, ನಾವು ಓದುವಾಗ ಕಾಣುವ ಅಕ್ಷರಗಳು 4. ಸೊನ್ನೆಯಿಂದ ಒಂದರವರೆಗೆ ಎಂದು ತುಣುಕು ಕೇಳಿದಾಗ ನೀವು ಶಕಾರದ ಮೂರನೆಯ ಒಂದು ಭಾಗವನ್ನು ಕೇಳಿದಂತಾಯಿತು, ಅದಕ್ಕೆ ಪ್ಯಾನಿಕ್. ಸೊನ್ನೆಯಿಂದ ಮೂರರವರೆಗೆ ಎಂದರೆ ಓಡುತ್ತದೆ, ಆದರೆ ಸಿಗುವುದು ಗುಡಿಸು ಕಳಚಿದ ಶ. ಅಕ್ಷರಗಳಾಗಿ ಬಿಡಿಸಲು ಯೂನಿಕೋಡ್ ಸೆಗ್ಮೆಂಟೇಷನ್ ಎಂಬ ಕ್ರೇಟ್ ಇದೆ. ಅದು ಒತ್ತಕ್ಷರಗಳನ್ನು ನಿಮಗೆ ಬೇಕಾದಂತೆ ಬಿಡಿಸುತ್ತದೆಯೇ ಎಂದು ನಿಮ್ಮದೇ ಊರುಗಳ ಪಟ್ಟಿ ಕೊಟ್ಟು ಪರೀಕ್ಷಿಸಿ ಆಮೇಲೆ ನಂಬಿ.

ಇನ್ನೊಂದು ತೊಡಕು ಸದ್ದಿಲ್ಲದೆ ಬರುತ್ತದೆ. ಹೆಸರುಗಳನ್ನು ಸಾರ್ಟ್ ಮಾಡಿದರೆ ರಸ್ಟ್ ಬೈಟುಗಳನ್ನು ಹೋಲಿಸುತ್ತದೆ, ಯೂನಿಕೋಡಿನಲ್ಲಿ ಳಕಾರವು ಲಕಾರದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಲ್ಲಿ ಹಕಾರದ ನಂತರ. ಹೀಗಾಗಿ ಪಟ್ಟಿಯಲ್ಲಿ ಹೊಳೆಹೊನ್ನೂರು ಮೊದಲು ಬಂದು ಹೊಸನಗರ ಆಮೇಲೆ ಬರುತ್ತದೆ, ನಿಘಂಟಿನ ಕ್ರಮ ಇದಕ್ಕೆ ವಿರುದ್ಧ. ಹೋಲಿಕೆಗೆ ಬಳಸುವ ಕೀಲಿಯಲ್ಲಿ ಳಕಾರಕ್ಕೆ ಹಕಾರಕ್ಕಿಂತ ದೊಡ್ಡದೂ ಸ್ವರಚಿಹ್ನೆಗಳಿಗಿಂತ ಚಿಕ್ಕದೂ ಆದ ಸಂಖ್ಯೆ ಕೊಡುವ ಫಂಕ್ಷನ್ ಬರೆಯಿರಿ. ಒಂದು ಸಂಜೆಯ ಒಳ್ಳೆಯ ಅಭ್ಯಾಸವಿದು. ಚೀಟಿಯಲ್ಲಿ ಕನ್ನಡ ಅಂಕಿಗಳಿದ್ದರೆ ಪಾರ್ಸ್ ಅವನ್ನು ಸಂಖ್ಯೆಯಾಗಿ ಒಪ್ಪದೆ ದೋಷವನ್ನು ಮರಳಿಸುತ್ತದೆ. ಅಲ್ಲಿ ಅನ್‌ರ‍್ಯಾಪ್ ಹಾಕಿದ್ದರೆ ಇಡೀ ಪ್ರೋಗ್ರಾಂ ನಿಲ್ಲುತ್ತದೆ, ಆದ್ದರಿಂದ ರಿಸಲ್ಟ್ (ಉತ್ತರ ಅಥವಾ ದೋಷ, ಎರಡರಲ್ಲೊಂದನ್ನು ಹೊತ್ತ ಮೌಲ್ಯ) ಅನ್ನು ಮ್ಯಾಚ್ ಮಾಡಿ ಯಾವ ಸಾಲು ಕೆಟ್ಟಿದೆ ಎಂದು ತೋರಿಸಿ.

ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳನ್ನು ಸ್ಟ್ರಿಂಗ್ ಆಗಿ ಇಡದೆ ಎನಮ್ (ಹೆಸರಿಸಿದ ಆಯ್ಕೆಗಳ ಪಟ್ಟಿ) ಮಾಡಿಕೊಳ್ಳಿ. ಮುಂದೆ ಚಾಲಿಯನ್ನು ಸೇರಿಸಿದ ದಿನ, ಎಲ್ಲ ಬಗೆಗಳನ್ನೂ ಹೆಸರಿಸಿ ಬರೆದ ಮ್ಯಾಚ್‌ಗಳಲ್ಲಿ ಅದನ್ನು ಎಲ್ಲೆಲ್ಲಿ ಬಿಟ್ಟಿದ್ದೀರಿ ಎಂದು ಕಂಪೈಲರೇ ಪಟ್ಟಿ ಕೊಡುತ್ತದೆ. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಆದರೆ ಯು32 (32 ಬಿಟ್‌ಗಳ ಪೂರ್ಣಾಂಕ) ಬೇಡ: ಅದರ ಮಿತಿ 4,294,967,295, ಅಂದರೆ ಸುಮಾರು 4 ಕೋಟಿ 29 ಲಕ್ಷ ರೂಪಾಯಿ. ಕ್ವಿಂಟಲ್‌ಗೆ 50,000 ರೂಪಾಯಿ ಎಂದು ಇಟ್ಟುಕೊಂಡರೆ 859ನೆಯ ಕ್ವಿಂಟಲ್‌ಗೆ ಮಿತಿ ದಾಟುತ್ತದೆ. ಒಬ್ಬರ ತೋಟಕ್ಕೆ ಇದು ದೂರದ ಮಾತಾದರೂ ಸಂಘದ ಲೆಕ್ಕಕ್ಕೆ ದೂರವಲ್ಲ. ಪರೀಕ್ಷೆಗೆಂದು ಮಾಡುವ ಡೀಬಗ್ ಬಿಲ್ಡ್‌ನಲ್ಲಿ ಮಿತಿ ದಾಟಿದಾಗ ಪ್ಯಾನಿಕ್ ಆಗುತ್ತದೆ, ಬಳಕೆಗೆ ಬಿಡುವ ರಿಲೀಸ್ ಬಿಲ್ಡ್‌ನಲ್ಲಿ ಸಾಮಾನ್ಯವಾಗಿ ಸಂಖ್ಯೆ ಸುತ್ತಿ ಸೊನ್ನೆಯ ಕಡೆಗೆ ಬಂದುಬಿಡುತ್ತದೆ. ಯು64 ಬಳಸಿ, ಗುಣಾಕಾರಕ್ಕೆ, ಮಿತಿ ದಾಟಿದರೆ ತಿಳಿಸುವ ಚೆಕ್ಡ್ ಮಲ್ ಬಳಸಿ.

ಪ್ರಶ್ನೆ: ಅನ್‌ಸೇಫ್ ಎಂದು ಬರೆದರೆ ಬಾರೋ ಚೆಕರ್ (ಎರವಲಿನ ನಿಯಮಗಳನ್ನು ನೋಡುವ ಕಂಪೈಲರಿನ ಭಾಗ) ಸುಮ್ಮನಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
— ಓದುಗರು, ಭದ್ರಾವತಿ

ಉತ್ತರ: ನಿಜವಲ್ಲ. ಅನ್‌ಸೇಫ್ ಬ್ಲಾಕಿನೊಳಗೂ ಸಾಮಾನ್ಯ ರೆಫರೆನ್ಸ್‌ಗಳ ಪರಿಶೀಲನೆ ಹಾಗೆಯೇ ನಡೆಯುತ್ತದೆ. ಕಚ್ಚಾ ಪಾಯಿಂಟರ್ (ಕಂಪೈಲರ್ ಪರಿಶೀಲಿಸದ ವಿಳಾಸ) ಮೂಲಕ ಮೆಮೊರಿಯನ್ನು ಮುಟ್ಟುವುದು, ಅನ್‌ಸೇಫ್ ಎಂದು ಗುರುತಿಸಿದ ಫಂಕ್ಷನ್ ಕರೆಯುವುದು, ಹೀಗೆ ಬೆರಳೆಣಿಕೆಯ ಕೆಲಸಗಳಿಗೆ ಮಾತ್ರ ಹೆಚ್ಚುವರಿ ಅನುಮತಿ ಸಿಗುತ್ತದೆ, ಅವುಗಳ ಹೊಣೆ ನಿಮ್ಮದಾಗುತ್ತದೆ. ಕಲಿಕೆಯ ಹಂತದಲ್ಲಿ ಅದರ ಅಗತ್ಯ ಬಿದ್ದಂತೆ ಅನ್ನಿಸಿದರೆ, ಬಹುಮಟ್ಟಿಗೆ ಮಾಹಿತಿಯನ್ನು ಜೋಡಿಸಿದ ರೀತಿಯನ್ನು ಬದಲಿಸಬೇಕಾಗಿದೆ ಎಂದೇ ಅರ್ಥ.

ಪ್ರಶ್ನೆ: ಪೈಕೋ ಎಂಬ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ರಸ್ಟ್ ಬಳಸಿ ತೋಟಕ್ಕೆ ಮಳೆಮಾಪಕ ಮಾಡುವ ಆಸೆ. ಬೋರ್ಡ್‌ಗಳಿಗೆ ಸಂಬಂಧಿಸಿದ ಪ್ರೋಗ್ರಾಮಿಂಗ್ ಇದೇ ಮೊದಲು. ಎಲ್ಲಿಂದ ಆರಂಭಿಸಲಿ?
— ಓದುಗರು, ಕೊಪ್ಪ

ಉತ್ತರ: ನೀವು ಹೇಳುತ್ತಿರುವುದು ತೊಟ್ಟಿಲಿನಂತೆ ಅತ್ತಿತ್ತ ವಾಲುವ ಎರಡು ಬಟ್ಟಲುಗಳ ಮಾಪಕ ಎಂದುಕೊಳ್ಳುತ್ತೇನೆ. ಗೊತ್ತಾದ ಪ್ರಮಾಣದ ನೀರು ತುಂಬಿದಾಗ ಬಟ್ಟಲು ವಾಲುತ್ತದೆ, ಅಯಸ್ಕಾಂತ ರೀಡ್ ಸ್ವಿಚ್ಚನ್ನು ಮುಚ್ಚುತ್ತದೆ, ಬೋರ್ಡಿಗೆ ಒಂದು ಪಲ್ಸ್ ತಲುಪುತ್ತದೆ. ಮೊದಲು ಬೋರ್ಡನ್ನು ಪಕ್ಕಕ್ಕಿಡಿ. ಪಲ್ಸ್ ಬಂದ ಸಮಯಗಳ ಪಟ್ಟಿಯಿಂದ ಗಂಟೆಯ ಮಳೆಯನ್ನು ಲೆಕ್ಕ ಹಾಕುವ ಭಾಗವನ್ನು, ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಅವಲಂಬಿಸದ ಪ್ರತ್ಯೇಕ ಕ್ರೇಟ್ ಆಗಿ ಲ್ಯಾಪ್‌ಟಾಪಿನಲ್ಲೇ ಬರೆದು ಕಾರ್ಗೋ ಟೆಸ್ಟ್‌ನಿಂದ ಪರೀಕ್ಷಿಸಿ. ಬೋರ್ಡಿಗೆ ಹೋದಾಗ ಅದೇ ಕ್ರೇಟ್ ಬದಲಾಗದೆ ಬಳಕೆಗೆ ಬರುತ್ತದೆ, ದೋಷ ಬಂದರೆ ತಂತಿಯಲ್ಲಿದೆಯೋ ಲೆಕ್ಕದಲ್ಲಿದೆಯೋ ಎಂದು ಹುಡುಕುವ ಕಷ್ಟವೂ ತಪ್ಪುತ್ತದೆ.

ಬೋರ್ಡಿನಲ್ಲಿ ಎದುರಾಗುವ ಮೊದಲ ತಡೆ ಎಣಿಕೆಯದ್ದು. ಪಲ್ಸ್ ಬಂದಾಗ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ನಡುವೆ ಓಡುವ ಭಾಗ) ಎಣಿಕೆಯನ್ನು ಹೆಚ್ಚಿಸುತ್ತದೆ, ಮುಖ್ಯ ಲೂಪ್ ಅದೇ ಎಣಿಕೆಯನ್ನು ಓದಿ ಸೊನ್ನೆ ಮಾಡುತ್ತದೆ; ಓದುವುದಕ್ಕೂ ಸೊನ್ನೆ ಮಾಡುವುದಕ್ಕೂ ನಡುವೆ ಇನ್ನೊಂದು ಪಲ್ಸ್ ಬಂದರೆ ಅದು ಲೆಕ್ಕದಿಂದ ಕಳೆದುಹೋಗುತ್ತದೆ. ಸಿ ಭಾಷೆಯಲ್ಲಿ ಎರಡೂ ಕಡೆಯಿಂದ ಮುಟ್ಟುವ ಸಾಮಾನ್ಯ ಗ್ಲೋಬಲ್ ವೇರಿಯಬಲ್ ಇಟ್ಟರೆ ಯಾರೂ ಕೇಳುವುದಿಲ್ಲ. ಸುರಕ್ಷಿತ ರಸ್ಟ್ ಹಾಗೆ ಬಿಡುವುದಿಲ್ಲ. ಹಳೆಯ ಪೈಕೋದ ಆರ್‌ಪಿ2040 ಚಿಪ್ಪಿನಲ್ಲಿ ಓದಿ-ಹೆಚ್ಚಿಸಿ-ಬರೆಯುವುದನ್ನು ಒಂದೇ ಪೆಟ್ಟಿಗೆ ಮಾಡುವ ಅಟಾಮಿಕ್ ಆದೇಶ ಇಲ್ಲದಿರುವುದರಿಂದ, ಕ್ಷಣಕಾಲ ಇಂಟರಪ್ಟ್ ತಡೆಹಿಡಿಯುವ ಕ್ರಿಟಿಕಲ್ ಸೆಕ್ಷನ್ ಕ್ರೇಟ್ ಬಳಸಿ, ಓದುವುದನ್ನೂ ಸೊನ್ನೆ ಮಾಡುವುದನ್ನೂ ಅದರ ಒಂದೇ ಆವರಣದೊಳಗೆ ಮಾಡಿ. ಎರಡು ಬೇರೆ ಆವರಣಗಳಲ್ಲಿ ಬರೆದರೆ ರಸ್ಟ್ ಒಪ್ಪುತ್ತದೆ, ಪಲ್ಸ್ ಮಾತ್ರ ಹಿಂದಿನಂತೆಯೇ ಕಳೆದುಹೋಗುತ್ತದೆ.

ಸ್ವಿಚ್ ಅದುರಿ ಒಂದು ವಾಲುವಿಕೆಗೆ ಹಲವು ಪಲ್ಸ್ ಬರುವುದು, ಆಲಿಕೆಯಲ್ಲಿ ತರಗೆಲೆ ಸಿಕ್ಕಿ ನೀರು ಕಟ್ಟಿಕೊಳ್ಳುವುದು, ಇವನ್ನು ಯಾವ ಭಾಷೆಯೂ ತಾನಾಗಿ ತಡೆಯುವುದಿಲ್ಲ. ಮೊದಲನೆಯದಕ್ಕೆ, ಒಂದು ಪಲ್ಸ್ ಬಂದ ಮೇಲೆ ಸ್ವಲ್ಪ ಹೊತ್ತು ಉಳಿದವನ್ನು ಕಡೆಗಣಿಸುವ ನಿಯಮವನ್ನು ಲ್ಯಾಪ್‌ಟಾಪಿನ ಕ್ರೇಟ್‌ನಲ್ಲೇ ಬರೆದು ಪರೀಕ್ಷಿಸಿ. ಎರಡನೆಯದಕ್ಕೆ ಜಾಲರಿ ಹಾಕಿ. ಮಾಪಕವನ್ನು ಸಾಮಾನ್ಯ ಅಳತೆ ಕೊಳವೆಯ ಮಳೆಮಾಪಕದ ಪಕ್ಕದಲ್ಲಿ ಇಟ್ಟು ಒಂದು ಮಳೆಗಾಲ ಎರಡನ್ನೂ ಬರೆದಿಡಿ. ಜಡಿಮಳೆಯಲ್ಲಿ ಬಟ್ಟಲು ವಾಲುತ್ತಿರುವಾಗಲೇ ನೀರು ಬೀಳುತ್ತಿರುವುದರಿಂದ ಇಂಥ ಮಾಪಕಗಳು ಕಡಿಮೆ ತೋರಿಸುವುದುಂಟು, ಆ ವ್ಯತ್ಯಾಸಕ್ಕೆ ಪ್ರೋಗ್ರಾಂನಲ್ಲಿ ದೋಷ ಹುಡುಕುತ್ತ ಕೂರಬೇಡಿ.